ಕಲಿಕಾ ಶೈಲಿಗಳು ಮತ್ತು ಆನ್‌ಲೈನ್ ಅಧ್ಯಯನ: ಮಾಟುಂಗದ ಕನ್ನಡ ಕಲಿಕೆಯ ಹಿನ್ನೆಲೆಯಲ್ಲಿ

1. ಹಿನ್ನೆಲೆ

ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಬದುಕಿನಲ್ಲಿ ಮಾಟುಂಗಕ್ಕೆ ವಿಶಿಷ್ಟವಾದ ಸ್ಥಾನವಿದೆ. 1926ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಷನ್ ಇಲ್ಲಿನ ಭಾವು ದಾಜಿ ರಸ್ತೆಯಲ್ಲಿದೆ. ರೈಲು ಹಳಿಗಳ ಪಶ್ಚಿಮಕ್ಕೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವಿದೆ. ಉಪನ್ಯಾಸ, ನಾಟಕ, ಯಕ್ಷಗಾನ, ಗ್ರಂಥ ಬಿಡುಗಡೆ ಮುಂತಾದ ಕಾರ್ಯಕ್ರಮಗಳ ಮೂಲಕ ಈ ಎರಡು ಸಂಸ್ಥೆಗಳು ತಲೆಮಾರುಗಳಿಂದ ಕನ್ನಡದ ಅನೌಪಚಾರಿಕ ಪಾಠಶಾಲೆಗಳಾಗಿವೆ. 1937ರಲ್ಲಿ ಆರಂಭವಾದ ರುಯಿಯಾ ಕಾಲೇಜು, ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವೆಲ್ಲವೂ ಇದೇ ಪರಿಸರದಲ್ಲಿವೆ. ವಿದ್ಯೆ ಮತ್ತು ದುಡಿಮೆ ಒಂದೇ ಬೀದಿಯಲ್ಲಿ ಎದುರಾಗುವ ಸ್ಥಳವಿದು.

ಈ ಎರಡರ ಸಂಬಂಧವನ್ನು ಮುಂಬಯಿಯ ರಾತ್ರಿಶಾಲೆಗಳ ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣಬಹುದು. ದಕ್ಷಿಣ ಕನ್ನಡ, ಉಡುಪಿ ಭಾಗಗಳಿಂದ ಬಂದ ಹುಡುಗರು ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ಇರುಳು ಓದಿದರು. ಮೊಗವೀರ, ಬಿಲ್ಲವ ಮೊದಲಾದ ಸಮಾಜಗಳ ಸಂಘಟನೆಗಳು ಅವರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದವು. ಆ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಪದವೀಧರರೂ ವಕೀಲರೂ ಅಧ್ಯಾಪಕರೂ ಉದ್ಯಮಿಗಳೂ ಆದರು. ಅವರ ಕಲಿಕೆಯ ಶೈಲಿ ಯಾವುದೆಂದು ಆಗ ಯಾರೂ ಕೇಳಲಿಲ್ಲ. ದಣಿದ ಮೈಗೆ ಉಳಿದಿದ್ದ ಒಂದೆರಡು ಗಂಟೆಗಳಲ್ಲಿ ಕಿವಿ, ಕಣ್ಣು, ಕೈಗಳೆಲ್ಲವನ್ನೂ ಬಳಸಿ ಕಲಿಯುವುದು ಅವರಿಗೆ ಅನಿವಾರ್ಯವಾಗಿತ್ತು.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಶಾಲಾ ಕಾಲೇಜುಗಳು ಮುಚ್ಚಿ, ಲೋಕಲ್ ರೈಲುಗಳು ಸಾರ್ವಜನಿಕರಿಗೆ ನಿಂತುಹೋದಾಗ ಮುಂಬಯಿಯ ಶಿಕ್ಷಣವೆಲ್ಲ ಮೊಬೈಲಿನ ಪರದೆಗೆ ಸರಿಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಅಂತಿಮ ವರ್ಷದ ಪರೀಕ್ಷೆಗಳು ಸಹ ಆನ್‌ಲೈನಿನಲ್ಲಿಯೇ ನಡೆದವು. ತರಗತಿಗಳು ಮತ್ತೆ ತೆರೆದ ಮೇಲೂ ಈ ಕ್ರಮ ಪೂರ್ಣವಾಗಿ ಹಿಂದೆ ಸರಿಯಲಿಲ್ಲ. ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಕಲೀನಾದ ವಿದ್ಯಾನಗರಿಗೆ ಬರಬೇಕಾದ, ದುಡಿಯುತ್ತಲೇ ಓದಬೇಕಾದ ವಿದ್ಯಾರ್ಥಿಗೆ ಅದು ಉಪಯುಕ್ತವೂ ಹೌದು. ಇದರ ಜೊತೆಯಲ್ಲಿಯೇ ಶಿಕ್ಷಣಶಾಸ್ತ್ರದ ಒಂದು ಹಳೆಯ ಪರಿಕಲ್ಪನೆ ಮತ್ತೆ ಚಲಾವಣೆಗೆ ಬಂದಿತು. ಪ್ರತಿಯೊಬ್ಬನಿಗೂ ತನ್ನದೇ ಆದ ‘ಕಲಿಕಾ ಶೈಲಿ’ ಇರುತ್ತದೆ. ಅದನ್ನು ಗುರುತಿಸಿ ಅದಕ್ಕೆ ಒಪ್ಪುವ ಪಾಠವನ್ನು ಪರದೆಯ ಮೇಲೆ ಒದಗಿಸಿದರೆ ಕಲಿಕೆ ಸುಲಭವಾಗುತ್ತದೆ ಎಂಬುದೇ ಆ ಪರಿಕಲ್ಪನೆ. ಇದು ಎಷ್ಟರ ಮಟ್ಟಿಗೆ ಸತ್ಯ, ಕನ್ನಡದ ಅಧ್ಯಯನಕ್ಕೆ ಇದನ್ನು ಹೇಗೆ ಅನ್ವಯಿಸಬಹುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಪರಿಕಲ್ಪನೆಯ ಸ್ವರೂಪ

ಕಲಿಯುವವರು ಒಬ್ಬರಂತೆ ಇನ್ನೊಬ್ಬರಿರುವುದಿಲ್ಲ ಎಂಬುದು ಪ್ರತಿಯೊಬ್ಬ ಅಧ್ಯಾಪಕನ ಅನುಭವ. ಈ ಅನುಭವವನ್ನು ವ್ಯವಸ್ಥಿತ ವರ್ಗೀಕರಣಕ್ಕೆ ಒಳಪಡಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೀವ್ರವಾಯಿತು. ಅಮೆರಿಕದ ಡೇವಿಡ್ ಕೋಲ್ಬ್ 1984ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಕಲಿಕೆಯನ್ನು ಒಂದು ಚಕ್ರವಾಗಿ ಕಲ್ಪಿಸಿದರು. ಅನುಭವ, ಅದರ ಅವಲೋಕನ, ಅದರಿಂದ ಹುಟ್ಟುವ ತಾತ್ತ್ವಿಕ ಗ್ರಹಿಕೆ ಮತ್ತು ಪ್ರಯೋಗ ಎಂಬ ನಾಲ್ಕು ಹಂತಗಳಲ್ಲಿ ಕೆಲವರು ಒಂದರಲ್ಲಿ, ಕೆಲವರು ಇನ್ನೊಂದರಲ್ಲಿ ಹೆಚ್ಚು ನೆಲೆನಿಲ್ಲುತ್ತಾರೆ ಎಂಬುದು ಅವರ ವಾದ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಕಾಲೀನ್ ಮಿಲ್ಸ್ ಅವರೊಡಗೂಡಿ ಮಂಡಿಸಿದ ‘ವಾರ್ಕ್’ ವರ್ಗೀಕರಣ ಇನ್ನೂ ಸರಳವಾದುದು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂಬುದು ಅದರ ನಾಲ್ಕು ವಿಭಾಗ. ಒಂದು ಚಿಕ್ಕ ಪ್ರಶ್ನಾವಳಿಯ ಮೂಲಕ ತನ್ನ ಬಗೆಯನ್ನು ತಾನೇ ತಿಳಿದುಕೊಳ್ಳುವ ಅನುಕೂಲವಿದ್ದುದರಿಂದ ಇದು ಬಹುಬೇಗ ಜನಪ್ರಿಯವಾಯಿತು.

ಹೊವರ್ಡ್ ಗಾರ್ಡ್ನರ್ 1983ರಲ್ಲಿ ಪ್ರತಿಪಾದಿಸಿದ ಬಹುಮುಖ ಬುದ್ಧಿಶಕ್ತಿಯ ಸಿದ್ಧಾಂತವನ್ನು ಅನೇಕರು ಇದರೊಂದಿಗೆ ಬೆರೆಸುವುದುಂಟು. ಆದರೆ ಬುದ್ಧಿಶಕ್ತಿಯೆಂದರೆ ಸಾಮರ್ಥ್ಯ, ಶೈಲಿಯೆಂದರೆ ಒಲವು. ಇವೆರಡು ಬೇರೆಯೆಂದು ಗಾರ್ಡ್ನರ್ ಅವರೇ ಸ್ಪಷ್ಟಪಡಿಸಿದ್ದಾರೆ. ಸಂಗೀತವನ್ನು ಪ್ರೀತಿಸುವವನಿಗೆಲ್ಲ ಶಾರೀರವಿರುವುದಿಲ್ಲವೆಂಬ ನಿತ್ಯದ ತಿಳಿವಳಿಕೆಯಿಂದಲೇ ಈ ವ್ಯತ್ಯಾಸವನ್ನು ಅರಿಯಬಹುದು.

3. ಪರಿಕಲ್ಪನೆಯ ವಿಮರ್ಶೆ

ಜನಪ್ರಿಯತೆಯೇ ಪ್ರಮಾಣವಲ್ಲ. 2004ರಲ್ಲಿ ಬ್ರಿಟನ್ನಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆಯಲ್ಲಿ ಕಲಿಕಾ ಶೈಲಿಗಳ 71 ಬೇರೆ ಬೇರೆ ಮಾದರಿಗಳು ಕಂಡುಬಂದವು. ಅವುಗಳಲ್ಲಿ 13ನ್ನು ಅವರು ಕೂಲಂಕಷವಾಗಿ ಪರಿಶೀಲಿಸಿದರು. ಬಹುಪಾಲು ಮಾದರಿಗಳ ತಳಹದಿ ಭದ್ರವಾಗಿಲ್ಲವೆಂಬುದು ಅವರಿಗೆ ಮನವರಿಕೆಯಾಯಿತು. ಒಂದೇ ವಿದ್ಯಾರ್ಥಿ ಒಂದು ಪ್ರಶ್ನಾವಳಿಯಲ್ಲಿ ಒಂದು ಬಗೆಯವನೂ ಇನ್ನೊಂದರಲ್ಲಿ ಮತ್ತೊಂದು ಬಗೆಯವನೂ ಆಗಬಹುದಾದರೆ, ಆ ಬಗೆ ಅವನ ಸ್ವಭಾವಕ್ಕೆ ಸೇರಿದುದೋ ಪ್ರಶ್ನಾವಳಿಗೆ ಸೇರಿದುದೋ ಎಂಬ ಸಂದೇಹ ಸಹಜವಾಗಿ ಏಳುತ್ತದೆ.

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಹಾಗೂ ಇತರ ಮೂವರು ಮನೋವಿಜ್ಞಾನಿಗಳು ಪ್ರಕಟಿಸಿದ ವಿಮರ್ಶೆ ಇನ್ನೂ ಮೂಲಭೂತವಾದುದು. ಅವರು ಕೇಳಿದ ಪ್ರಶ್ನೆ ಸರಳವಾಗಿದೆ. ‘ಕೇಳಿ ಕಲಿಯುವವರು’ ಮತ್ತು ‘ನೋಡಿ ಕಲಿಯುವವರು’ ಎಂದು ವಿದ್ಯಾರ್ಥಿಗಳನ್ನು ಮೊದಲು ವಿಂಗಡಿಸಬೇಕು. ಬಳಿಕ ಎರಡೂ ಗುಂಪುಗಳಲ್ಲಿ ಅರ್ಧದಷ್ಟು ಮಂದಿಗೆ ಶ್ರವಣ ಪಾಠವನ್ನೂ ಉಳಿದರ್ಧಕ್ಕೆ ದೃಶ್ಯ ಪಾಠವನ್ನೂ ಕೊಟ್ಟು ಎಲ್ಲರಿಗೂ ಒಂದೇ ಪರೀಕ್ಷೆಯನ್ನು ನಡೆಸಬೇಕು. ಮೊದಲ ಗುಂಪಿಗೆ ಶ್ರವಣ ಪಾಠವೂ ಎರಡನೆಯ ಗುಂಪಿಗೆ ದೃಶ್ಯ ಪಾಠವೂ ಹೆಚ್ಚು ಫಲಕಾರಿಯಾದರೆ ಮಾತ್ರ ಸಿದ್ಧಾಂತ ಸ್ಥಾಪಿತವಾಗುತ್ತದೆ. ಇಂತಹ ಕ್ರಮಬದ್ಧ ಪರೀಕ್ಷೆಗಳೇ ಬಹಳ ವಿರಳವೆಂದೂ, ನಡೆದ ಕೆಲವು ಸಿದ್ಧಾಂತಕ್ಕೆ ವಿರುದ್ಧವಾದ ಫಲಿತಾಂಶವನ್ನೇ ಕೊಟ್ಟಿವೆಯೆಂದೂ ಅವರು ತೋರಿಸಿದರು. ಒಲವುಗಳು ಇಲ್ಲವೆಂದು ಅವರು ಹೇಳಲಿಲ್ಲ. ಒಲವಿಗೆ ತಕ್ಕಂತೆ ಪಾಠವನ್ನು ಹೊಂದಿಸಿದರೆ ಕಲಿಕೆ ಉತ್ತಮಗೊಳ್ಳುತ್ತದೆ ಎಂಬುದಕ್ಕೆ ತಕ್ಕ ಆಧಾರವಿಲ್ಲವೆಂದು ಮಾತ್ರ ಹೇಳಿದರು. ಈ ಭೇದವನ್ನು ಮರೆಯಬಾರದು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ದೃಷ್ಟಿ ಅಥವಾ ಶ್ರವಣದ ತೊಂದರೆಯುಳ್ಳ ವಿದ್ಯಾರ್ಥಿಯ ಅಗತ್ಯವನ್ನು ‘ಶೈಲಿ’ಯೆಂದು ಕರೆಯುವುದು ಸರಿಯಲ್ಲ; ಅದು ಅವನ ಹಕ್ಕು. ಅಂತರ್ಜಾಲದಲ್ಲಿ ದೊರೆಯುವ ಕನ್ನಡ ಗ್ರಂಥಗಳಲ್ಲಿ ಬಹಳಷ್ಟು ಪುಟಗಳ ಛಾಯಾಚಿತ್ರಗಳು ಮಾತ್ರ. ಪರದೆಯನ್ನು ಓದಿಹೇಳುವ ತಂತ್ರಾಂಶ ಚಿತ್ರದೊಳಗಿನ ಅಕ್ಷರವನ್ನು ನೇರವಾಗಿ ಓದಲಾರದು. ಯೂನಿಕೋಡ್ ಸಂಕೇತದಲ್ಲಿ ಬೆರಳಚ್ಚಿಸಿದ ಪಠ್ಯವನ್ನು ಮಾತ್ರ ಅದು ಸರಾಗವಾಗಿ ಧ್ವನಿಗೆ ತಿರುಗಿಸಬಲ್ಲದು. ಆದ್ದರಿಂದ ಪಠ್ಯಗಳನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸುವುದು ಕನ್ನಡ ವಿಭಾಗಗಳ ಪ್ರಾಥಮಿಕ ಕರ್ತವ್ಯಗಳಲ್ಲೊಂದಾಗಬೇಕು.

4. ಭಾರತೀಯ ಹಾಗೂ ಕನ್ನಡ ಪರಂಪರೆಯ ದೃಷ್ಟಿ

ನಮ್ಮ ಪರಂಪರೆ ಕಲಿಯುವವರನ್ನು ವಿಂಗಡಿಸುವುದಕ್ಕಿಂತ ಕಲಿಕೆಯ ಹಂತಗಳನ್ನು ವಿಂಗಡಿಸಿತು. ಬೃಹದಾರಣ್ಯಕೋಪನಿಷತ್ತಿನಿಂದ ಮೂಡಿಬಂದ ಶ್ರವಣ, ಮನನ, ನಿದಿಧ್ಯಾಸನಗಳು ಮೂರು ಬಗೆಯ ಶಿಷ್ಯರಿಗೆ ಹಂಚಿದವುಗಳಲ್ಲ; ಒಬ್ಬನೇ ಶಿಷ್ಯ ಕ್ರಮವಾಗಿ ಏರಬೇಕಾದ ಮೆಟ್ಟಿಲುಗಳು. ವಿದ್ಯೆಯ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಉಳಿದ ಕಾಲುಭಾಗ ಕಾಲಕ್ರಮದಲ್ಲಿ ದೊರೆಯುತ್ತದೆ ಎಂಬ ಪ್ರಾಚೀನ ಹೇಳಿಕೆಯ ತಾತ್ಪರ್ಯವೂ ಇದೇ ಆಗಿದೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಜನ ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಹೆಮ್ಮೆಯಿಂದ ಹೇಳುತ್ತದೆ. ಕೇಳ್ಮೆಯಿಂದಲೇ ಬೆಳೆದ ಒಂದು ಸಮಾಜದ ಚಿತ್ರ ಅಲ್ಲಿದೆ. ಆದರೆ ಆ ಮಾತನ್ನು ಹೇಳಿದ್ದು ಒಂದು ಲಕ್ಷಣಗ್ರಂಥ, ಅಂದರೆ ಓದಿ ಬರೆದು ಶಾಸ್ತ್ರೀಯವಾಗಿ ಕಟ್ಟಿದ ಕೃತಿ ಎಂಬುದೂ ಗಮನಾರ್ಹ. ಕಿವಿಯ ವಿದ್ಯೆ ಮತ್ತು ಕಣ್ಣಿನ ವಿದ್ಯೆಗಳೆರಡೂ ಕನ್ನಡದಲ್ಲಿ ಆರಂಭದಿಂದಲೇ ಒಂದನ್ನೊಂದು ಆಶ್ರಯಿಸಿವೆ.

ಹಳೆಯ ಕೂಲಿಮಠಗಳ, ಐಗಳ ಶಾಲೆಗಳ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತ, ಅದನ್ನೇ ಬಾಯಿಂದ ಉಚ್ಚರಿಸುತ್ತ, ಕಣ್ಣಿಂದ ನೋಡುತ್ತ, ಪಕ್ಕದವನ ಧ್ವನಿಯನ್ನು ಕೇಳುತ್ತ ಕಲಿಯುತ್ತಿತ್ತು. ಮಗ್ಗಿಯನ್ನು ಎಲ್ಲರೂ ಒಟ್ಟಾಗಿ ಕೂಗಿ ಹೇಳುತ್ತಿದ್ದರು. ಆ ಪದ್ಧತಿಯಲ್ಲಿ ಶಿಕ್ಷೆ, ಕಂಠಪಾಠಗಳ ಅತಿರೇಕವಿದ್ದುದು ನಿಜ. ಆದರೂ ಇಂದ್ರಿಯಗಳನ್ನು ಬೇರ್ಪಡಿಸದೆ ಒಂದೇ ವಿಷಯಕ್ಕೆ ಒಟ್ಟಾಗಿ ದುಡಿಸಿದ ಗುಣವೂ ಅದರಲ್ಲಿತ್ತು.

5. ಶೈಲಿ ವಿಷಯದ್ದು

ಮೇಲಿನ ವಿವೇಚನೆಯಿಂದ ಒಂದು ನಿಲುವಿಗೆ ಬರಬಹುದು. ಯಾವ ಇಂದ್ರಿಯದ ಮೂಲಕ ಕಲಿಯಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಲಿಯುವವನ ಒಲವಲ್ಲ, ಕಲಿಯಬೇಕಾದ ವಿಷಯದ ಸ್ವರೂಪ. ಭೂಪಟವನ್ನು ಎಲ್ಲರೂ ನೋಡಿಯೇ ಕಲಿಯಬೇಕು. ಉಚ್ಚಾರಣೆಯನ್ನು ಎಲ್ಲರೂ ಕೇಳಿಯೇ ಕಲಿಯಬೇಕು. ಕನ್ನಡದ ಅಧ್ಯಯನಕ್ಷೇತ್ರದ ಕೆಲವು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸಬಹುದು.

ಮೊದಲನೆಯದು ಛಂದಸ್ಸು. ಭಾಮಿನೀ ಷಟ್ಪದಿಯ 1, 2, 4, 5ನೆಯ ಪಾದಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಎರಡಾವರ್ತಿ ಬಂದು 14 ಮಾತ್ರೆಗಳಾಗುತ್ತವೆ. 3 ಮತ್ತು 6ನೆಯ ಪಾದಗಳಲ್ಲಿ ಅದೇ ಜೋಡಿ ಮೂರಾವರ್ತಿ ಬಂದು ಕೊನೆಗೊಂದು ಗುರು ಸೇರಿ 23 ಮಾತ್ರೆಗಳಾಗುತ್ತವೆ. ಇಡೀ ಪದ್ಯಕ್ಕೆ 102 ಮಾತ್ರೆ. ಈ ಲೆಕ್ಕವನ್ನು ಪರದೆಯ ಮೇಲಿನ ಕೋಷ್ಟಕದಿಂದ ಹತ್ತು ನಿಮಿಷಗಳಲ್ಲಿ ತಿಳಿಯಬಹುದು. ಆದರೆ ಮೂರು-ನಾಲ್ಕರ ನಡೆ ಕಿವಿಗೆ ಹತ್ತಬೇಕಾದರೆ ಗಮಕಿಯೊಬ್ಬರ ವಾಚನವನ್ನು ಕೇಳಬೇಕು, ಕೈಯಲ್ಲಿ ತಾಳ ಹಾಕಬೇಕು, ತಾನೂ ದನಿಯೆತ್ತಿ ಓದಬೇಕು. ‘ನಾನು ನೋಡಿ ಕಲಿಯುವವನು’ ಎಂದು ಕೋಷ್ಟಕದಲ್ಲಿಯೇ ನಿಂತವನಿಗೆ ಲಕ್ಷಣ ತಿಳಿಯುತ್ತದೆ, ಲಯ ತಿಳಿಯುವುದಿಲ್ಲ. ಮಾಟುಂಗದಿಂದ ಕಲೀನಾಕ್ಕೆ ಹೋಗುವ ದಾರಿಯಲ್ಲಿ ಕಿವಿಗೆ ಯಂತ್ರ ಹಚ್ಚಿಕೊಂಡು ವಾಚನವನ್ನು ಮತ್ತೆ ಮತ್ತೆ ಕೇಳುವ ಅವಕಾಶವನ್ನು ಇಂದಿನ ತಂತ್ರಜ್ಞಾನ ಒದಗಿಸಿದೆ. ಹಿಂದಿನ ತಲೆಮಾರಿಗೆ ಈ ಭಾಗ್ಯವಿರಲಿಲ್ಲ.

ಎರಡನೆಯದು ಶಾಸನ ಮತ್ತು ಹಳಗನ್ನಡದ ಲಿಪಿ. ಐದನೆಯ ಶತಮಾನದ ಹಲ್ಮಿಡಿ ಶಾಸನದ ಅಕ್ಷರಗಳಿಗೂ ಇಂದಿನ ಅಕ್ಷರಗಳಿಗೂ ಇರುವ ಅಂತರವನ್ನು ಎಷ್ಟು ಕೇಳಿದರೂ ಗ್ರಹಿಸಲಾಗದು. ಇದು ಕಣ್ಣಿನ ಕೆಲಸ, ಕೈಯ ಕೆಲಸ. ಅಚ್ಚುಪ್ರತಿಯ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಬಹುದು. ನೋಡಿದ್ದನ್ನು ಕಾಗದದ ಮೇಲೆ ಬಿಡಿಸಬೇಕು. ಮಹಾರಾಷ್ಟ್ರದ ಅನೇಕ ಕಡೆಗಳಲ್ಲಿ ಕನ್ನಡ ಶಾಸನಗಳು ದೊರೆತಿರುವುದರಿಂದ ಮುಂಬಯಿಯ ವಿದ್ಯಾರ್ಥಿಗೆ ಈ ಅಭ್ಯಾಸ ಸ್ವಂತ ನೆಲದ ಶೋಧಕ್ಕೂ ದಾರಿಯಾಗುತ್ತದೆ.

ಮೂರನೆಯದು ಕಾದಂಬರಿಯ ಓದು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯನ್ನೇ ನೆಲೆಯಾಗುಳ್ಳ ಕೃತಿ. ನಾಗಪ್ಪನ ಒಳತೋಟಿಯನ್ನು, ಸಂಶಯಗಳ ಸುರುಳಿಯನ್ನು ಅರಿಯಲು ಮೌನವಾದ, ದೀರ್ಘವಾದ ಓದು ಬೇಕು; ಹಿಂದಿನ ಪುಟಕ್ಕೆ ಮರಳುವ ತಾಳ್ಮೆ ಬೇಕು. ಕಥಾಸಾರವನ್ನು ಹೇಳುವ ಅರ್ಧ ಗಂಟೆಯ ದೃಶ್ಯಮುದ್ರಿಕೆ ಪರೀಕ್ಷೆಗೆ ಉತ್ತರವನ್ನು ಕೊಡಬಹುದಾದರೂ ಕೃತಿಯನ್ನು ಕೊಡಲಾರದು.

ನಾಲ್ಕನೆಯದು ಯಕ್ಷಗಾನ. ಮುಂಬಯಿಯ ಕನ್ನಡ-ತುಳು ಸಮಾಜದಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುವ ಪರಿಪಾಠ ಇಂದಿಗೂ ಇದೆ. ಹೆಜ್ಜೆಯ ಚಿತ್ರೀಕರಣವನ್ನು ನಿಧಾನಗತಿಯಲ್ಲಿ ನೋಡಿ ಅಭ್ಯಸಿಸುವುದು ಸಾಧ್ಯ. ಆದರೆ ಆನ್‌ಲೈನ್ ಪಾಠದಲ್ಲಿ ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪುವಾಗ ಕ್ಷಣಾಂಶದ ವಿಳಂಬವಾಗುತ್ತದೆ. ಮಾತುಕತೆಗೆ ತೊಡಕಾಗದ ಆ ವಿಳಂಬ ಭಾಗವತಿಕೆ, ಮದ್ದಳೆ, ಹೆಜ್ಜೆಗಳ ಮೇಳವನ್ನು ಕೆಡಿಸಲು ಸಾಕು. ಆದ್ದರಿಂದ ತಾಳದೊಡನೆ ಮೈ ಕೂಡುವ ಘಟ್ಟದಲ್ಲಿ ಗುರುವಿನ ಸಾನ್ನಿಧ್ಯಕ್ಕೆ ಪರ್ಯಾಯವಿಲ್ಲ.

6. ಮುಂಬಯಿಯ ವಿಶೇಷ ಸಮಸ್ಯೆ: ಮಾತು ಬಂದು ಲಿಪಿ ಬಾರದಿರುವುದು

ಕಲಿಕಾ ಶೈಲಿಯ ಪ್ರಶ್ನೆ ಕೇವಲ ಶಾಸ್ತ್ರೀಯ ಚರ್ಚೆಯಾಗಿ ಉಳಿಯದೆ ಕನ್ನಡದ ಅಳಿವು ಉಳಿವಿನ ಪ್ರಶ್ನೆಯಾಗುವುದು ಇಲ್ಲಿ. ಮುಂಬಯಿಯ ಕನ್ನಡಿಗರ ಮೂರನೆಯ, ನಾಲ್ಕನೆಯ ತಲೆಮಾರಿನ ಅನೇಕ ತರುಣರು ಮನೆಯಲ್ಲಿ ಕನ್ನಡವನ್ನೋ ತುಳು, ಕೊಂಕಣಿಗಳನ್ನೋ ಆಡುತ್ತಾರೆ, ಕನ್ನಡವನ್ನು ಕೇಳಿ ಅರ್ಥಮಾಡಿಕೊಳ್ಳುತ್ತಾರೆ. ಆದರೆ ಕನ್ನಡ ಲಿಪಿಯನ್ನು ಓದಲಾರರು. ಅವರ ವಿದ್ಯಾಭ್ಯಾಸ ಇಂಗ್ಲಿಷಿನಲ್ಲಿ ನಡೆದಿದೆ. ಮರಾಠಿ, ಹಿಂದಿಗಳ ಮೂಲಕ ದೇವನಾಗರಿ ಪರಿಚಿತವಾಗಿದೆ. ಇಂತಹ ತರುಣನೊಬ್ಬ ಶೈಲಿಯ ಪ್ರಶ್ನಾವಳಿಯನ್ನು ತುಂಬಿದರೆ, ಕನ್ನಡದ ಮಟ್ಟಿಗೆ ಅವನು ‘ಕೇಳಿ ಕಲಿಯುವವನು’ ಎಂಬ ಉತ್ತರವೇ ಬರುವ ಸಂಭವ ಹೆಚ್ಚು. ಆ ಉತ್ತರವನ್ನು ನಂಬಿ ಅವನಿಗೆ ಧ್ವನಿಪಾಠಗಳನ್ನು ಮಾತ್ರ ಒದಗಿಸಿದರೆ ಅವನು ಈಗಾಗಲೇ ಬಲ್ಲದ್ದನ್ನೇ ಮತ್ತೆ ಕೊಟ್ಟಂತಾಗುತ್ತದೆ. ಅವನಿಗೆ ಇಲ್ಲದಿರುವುದು ಇಲ್ಲದೆಯೇ ಉಳಿಯುತ್ತದೆ. ಪರಿಸ್ಥಿತಿಯಿಂದ ಬಂದ ಕೊರತೆಯನ್ನು ಸ್ವಭಾವದ ಲಕ್ಷಣವೆಂದು ಭ್ರಮಿಸುವ ಅಪಾಯವಿದು.

ಲಿಪಿ ತಪ್ಪಿದರೆ ತಪ್ಪುವುದು ಅಕ್ಷರಮಾಲೆ ಮಾತ್ರವಲ್ಲ. ಮುಂಬಯಿ ಕನ್ನಡಿಗರು ಒಂದು ಶತಮಾನದಲ್ಲಿ ಬರೆದ ಕಥೆ, ಕಾದಂಬರಿ, ಸಂಘಸಂಸ್ಥೆಗಳ ವರದಿ, ಮನೆಯ ಹಿರಿಯರ ಕಾಗದಪತ್ರಗಳೆಲ್ಲವೂ ಆ ತರುಣನಿಗೆ ಮುಚ್ಚಿದ ಬಾಗಿಲಾಗುತ್ತವೆ. ಕೆಲವೇ ವಾರಗಳ ಅಭ್ಯಾಸದಿಂದ ತೆರೆಯಬಹುದಾದ ಬಾಗಿಲು ಅದು.

ಹೀಗೆಂದು ಅವನ ಬಲವನ್ನು ಕಡೆಗಣಿಸಬೇಕಾಗಿಲ್ಲ. ಕಿವಿಯಲ್ಲಿರುವ ಕನ್ನಡವನ್ನೇ ಲಿಪಿಗೆ ಸೇತುವೆಯಾಗಿಸಬಹುದು. ದೇವನಾಗರಿಯಲ್ಲಿ ಮರಾಠಿಯನ್ನು ಬರೆಯುವಾಗ ಎಕಾರ, ಒಕಾರಗಳ ಹ್ರಸ್ವ-ದೀರ್ಘ ಭೇದವನ್ನು ಗುರುತಿಸುವುದಿಲ್ಲ. ಆದ್ದರಿಂದ ‘ಬೆಳೆ’ ಮತ್ತು ‘ಬೇಳೆ’, ‘ಕೊಡು’ ಮತ್ತು ‘ಕೋಡು’ ಇವುಗಳ ಬರಹದಲ್ಲಿ ಮುಂಬಯಿಯ ವಿದ್ಯಾರ್ಥಿ ಎಡವುತ್ತಾನೆ. ಆದರೆ ಅವನ ಕಿವಿಗೆ ಈ ಭೇದ ಚೆನ್ನಾಗಿ ಗೊತ್ತು. ಊಟದ ಮನೆಯಲ್ಲಿ ಅವನು ಬೇಳೆಯನ್ನು ಬೆಳೆಯೆಂದು ಎಂದೂ ಕರೆದಿರುವುದಿಲ್ಲ. ಪರದೆಯ ಮೇಲೆ ಎರಡು ಪದಗಳನ್ನು ಅಕ್ಕಪಕ್ಕದಲ್ಲಿರಿಸಿ, ಧ್ವನಿಯನ್ನು ಕೇಳಿಸಿ, ಯಾವುದು ಯಾವುದೆಂದು ಅವನಿಂದಲೇ ಗುರುತಿಸಿ ಬರೆಯಿಸಿದರೆ ಕಿವಿಯ ಅರಿವು ಕಣ್ಣಿಗೂ ಕೈಗೂ ಇಳಿಯುತ್ತದೆ. ದೇವನಾಗರಿ ಬಲ್ಲವನಿಗೆ ವರ್ಣಮಾಲೆಯ ಕ್ರಮ ಹೊಸದಲ್ಲ. ಗುಣಿತಾಕ್ಷರ, ಒತ್ತಕ್ಷರಗಳ ರೂಪ ಮಾತ್ರ ಹೊಸದು. ಒಲವನ್ನು ನೆಲೆಯಾಗಿ ಒಪ್ಪದೆ ಪ್ರವೇಶದ್ವಾರವಾಗಿ ಬಳಸುವ ಕ್ರಮವಿದು.

7. ಆನ್‌ಲೈನ್ ಅಧ್ಯಯನಕ್ಕೆ ಅನ್ವಯ

ಪರದೆಯ ಪಾಠದ ಬಹುದೊಡ್ಡ ದೋಷ ಅದು ನಿಷ್ಕ್ರಿಯತೆಗೆ ಅವಕಾಶ ಕೊಡುವುದು. ಒಂದು ಉಪನ್ಯಾಸವನ್ನು ಮೂರು ಬಾರಿ ನೋಡಿದ ವಿದ್ಯಾರ್ಥಿಗೆ ವಿಷಯ ಪರಿಚಿತವೆನಿಸುತ್ತದೆ. ಪರಿಚಯವನ್ನು ಅವನು ಜ್ಞಾನವೆಂದು ತಿಳಿಯುತ್ತಾನೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ಬಯಲುಮಾಡುತ್ತದೆ. ಪಠ್ಯವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಬಳಿಕದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿ, ಪಠ್ಯವನ್ನು ಮುಚ್ಚಿ, ನೆನಪಿನಿಂದ ಬರೆದವರು ಒಂದು ವಾರದ ಬಳಿಕದ ಪರೀಕ್ಷೆಯಲ್ಲಿ ಮುಂದಾದರು. ಕಲಿತದ್ದು ಕಾಲಕ್ರಮದಲ್ಲಿ ಹೇಗೆ ಮರೆಯುತ್ತದೆ, ಬಿಡುವು ಕೊಟ್ಟು ಪುನರಾವರ್ತಿಸಿದರೆ ಹೇಗೆ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ವಿವರಿಸಿದ್ದರು. ಈ ಎರಡು ತತ್ತ್ವಗಳು ಒಂದು ಬಗೆಯ ಕಲಿಕೆಯವರಿಗೆ ಮಾತ್ರ ಸೀಮಿತವಾದವುಗಳಲ್ಲ.

ಈ ಹಿನ್ನೆಲೆಯಲ್ಲಿ ಕನ್ನಡದ ಆನ್‌ಲೈನ್ ವಿದ್ಯಾರ್ಥಿ ಒಂದು ಪದ್ಯಭಾಗದ ಅಧ್ಯಯನವನ್ನು ಹೀಗೆ ಯೋಜಿಸಿಕೊಳ್ಳಬಹುದು. ಮೊದಲ ದಿನ ಪಠ್ಯವನ್ನು ಎದುರಿಗಿಟ್ಟುಕೊಂಡು ವಾಚನವನ್ನು ಕೇಳುವುದು, ಪದವಿಭಾಗ ಮಾಡಿ ಕೈಯಿಂದ ಬರೆಯುವುದು. ಮರುದಿನ ಪರದೆಯನ್ನು ಮುಚ್ಚಿ ಭಾವಾರ್ಥವನ್ನು ನೆನಪಿನಿಂದ ಬರೆದು, ಬಳಿಕ ಪಠ್ಯದೊಡನೆ ತಾಳೆನೋಡುವುದು. ಎರಡು ಮೂರು ದಿನ ಬಿಟ್ಟು ಅದನ್ನೇ ಸಹಪಾಠಿಗೆ ವಿವರಿಸಿ ಹೇಳುವುದು. ವಾರದ ಕೊನೆಯಲ್ಲಿ ಅಧ್ಯಾಪಕರೊಂದಿಗಿನ ನೇರ ತರಗತಿಗೆ ಒಂದು ಪ್ರಶ್ನೆಯೊಂದಿಗೆ ಹಾಜರಾಗುವುದು. ಶ್ರವಣ, ಮನನಗಳಿಗೂ ಸಹಪಾಠಿಗಳ ಕಾಲುಭಾಗಕ್ಕೂ ಇದರಲ್ಲಿ ಎಡೆಯಿದೆ.

ಅಧ್ಯಾಪಕನ ಹೊಣೆಯೂ ಇದಕ್ಕೆ ತಕ್ಕಂತೆ ಬದಲಾಗಬೇಕು. ಒಂದು ಗಂಟೆಯ ಅಖಂಡ ಉಪನ್ಯಾಸವನ್ನು ಹತ್ತು ಹನ್ನೆರಡು ನಿಮಿಷಗಳ ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದರ ಕೊನೆಗೆ ಬರೆದು ಉತ್ತರಿಸಬೇಕಾದ ಪ್ರಶ್ನೆಯನ್ನಿಡುವುದು ಸೂಕ್ತ. ಚಿತ್ರ ವಿಷಯಕ್ಕೆ ಅಗತ್ಯವಿದ್ದಲ್ಲಿ ಮಾತ್ರ ಬರಬೇಕು. ಅಲಂಕಾರಕ್ಕಾಗಿ ಬಂದ ಚಿತ್ರ ಗಮನವನ್ನು ಸೆಳೆಯುತ್ತದೆಯೇ ಹೊರತು ವಿಷಯವನ್ನು ಬೆಳಗುವುದಿಲ್ಲ. ‘ವಚನ ಸಂಚಯ’ದಂತಹ ಜಾಲತಾಣದಲ್ಲಿ ಒಂದು ಪದ ಯಾವ ಯಾವ ವಚನಗಳಲ್ಲಿ ಬಂದಿದೆಯೆಂಬುದನ್ನು ವಿದ್ಯಾರ್ಥಿಯೇ ಹುಡುಕಿ ಪಟ್ಟಿಮಾಡುವಂತೆ ನಿಯೋಜಿಸಿದರೆ ಅದು ನಿಜವಾದ ಅರ್ಥದಲ್ಲಿ ‘ಮಾಡಿ ಕಲಿಯುವುದು’ ಆಗುತ್ತದೆ. ಹೊಟೇಲಿನ ಕೆಲಸ ಮುಗಿಸಿ ಇಕ್ಕಟ್ಟಾದ ಕೋಣೆಯಲ್ಲಿ ಮೊಬೈಲನ್ನು ಹಿಡಿದವನಿಗೆ ಅಂತರ್ಜಾಲದ ವೇಗವೂ ಏಕಾಂತವೂ ಸಮನಾಗಿ ಲಭ್ಯವಿರುವುದಿಲ್ಲ ಎಂಬ ಅರಿವೂ ಇರಬೇಕು. ಅಂತಹವನಿಗೆ ಚಿಕ್ಕ ಗಾತ್ರದ ಧ್ವನಿಮುದ್ರಿಕೆ, ಮುದ್ರಿಸಿ ಕೊಟ್ಟ ನಾಲ್ಕು ಪುಟಗಳ ಪಠ್ಯ, ವಾರಕ್ಕೊಂದು ದೂರವಾಣಿ ಕರೆ ಇವು ಭಾರಿ ದೃಶ್ಯಮುದ್ರಿಕೆಗಿಂತ ಹೆಚ್ಚು ನೆರವಾಗುತ್ತವೆ.

8. ಸಮಾರೋಪ

ಕಲಿಕಾ ಶೈಲಿಯ ಪರಿಕಲ್ಪನೆ ಅಧ್ಯಾಪಕರ ಗಮನವನ್ನು ಪಾಠದಿಂದ ಕಲಿಯುವವರ ಕಡೆಗೆ ತಿರುಗಿಸಿತು; ಅದು ಅದರ ನಿಜವಾದ ಕೊಡುಗೆ. ಆದರೆ ಕಲಿಯುವವನಿಗೊಂದು ಹೆಸರಿನ ಚೀಟಿಯನ್ನು ಅಂಟಿಸಿ ಅವನನ್ನು ಒಂದು ಇಂದ್ರಿಯಕ್ಕೆ ಕಟ್ಟಿಹಾಕುವುದು ಆ ಗಮನದ ದುರುಪಯೋಗ. ಮಾಟುಂಗದ ಸುತ್ತಮುತ್ತ ಹಗಲು ದುಡಿದು ಇರುಳು ಓದಿದ ಹುಡುಗರಿಗೆ ರಾತ್ರಿಶಾಲೆ ಕೊಟ್ಟದ್ದು ಒಂದು ಪುಸ್ತಕ, ಗುರುವಿನ ಧ್ವನಿ, ಪಕ್ಕದಲ್ಲೊಬ್ಬ ಜೊತೆಗಾರ, ಮರುದಿನ ತಪ್ಪದೆ ಕೇಳಲಾಗುವ ಒಂದು ಪ್ರಶ್ನೆ. ಆನ್‌ಲೈನ್ ಅಧ್ಯಯನವೂ ಈ ನಾಲ್ಕನ್ನು ಒದಗಿಸಬಲ್ಲದಾದರೆ ಕಿವಿಯಲ್ಲಿ ಮಾತ್ರ ಕನ್ನಡವನ್ನು ಉಳಿಸಿಕೊಂಡಿರುವ ತರುಣ ಅದನ್ನು ಓದಬಲ್ಲವನೂ ಬರೆಯಬಲ್ಲವನೂ ಆಗುವುದು ಸಾಧ್ಯ. ಮುಂಬಯಿಯ ಕನ್ನಡ ಅಧ್ಯಾಪಕರ ಹಾಗೂ ಸಂಘಸಂಸ್ಥೆಗಳ ಮುಂದಿರುವ ಕಾರ್ಯ ಇದೇ ಆಗಿದೆ.